ಬರುತ್ತೆ ಅನ್ನಬೇಡ, ಅರ್ಜಿ ಎಲ್ಲಿದೆ ಅಂತ ಹೇಳು: ಸಾಗರದ ಒಂದು ಸಂಸ್ಥೆಯಲ್ಲಿ ನನ್ನ ಇಂಟರ್ನ್‌ಶಿಪ್

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ಕೋರ್ಸಿನ ಕೊನೆಯ ವರ್ಷದಲ್ಲಿ ನಾನು ಇಂಟರ್ನ್ ಆಗಿ ಸೇರಿದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಸಣ್ಣ ಸಂಸ್ಥೆಗೆ. ದಸರಾ ಮುಗಿದ ಮೇಲೆ ಹೋದವಳು ಅಡಿಕೆ ಕೊಯ್ಲು ಮುಗಿಯುವ ತನಕ ಅಲ್ಲೇ ಇದ್ದೆ. ಈಗ ಅದೇ ಕೋರ್ಸ್ ಓದುವವರು ಫೋನ್ ಮಾಡುತ್ತಾರೆ. ಎನ್‌ಜಿಒದಲ್ಲಿ ಏನು ಕೆಲಸ ಕೊಡ್ತಾರೆ ಅಕ್ಕಾ, ದುಡ್ಡು ಕೊಡ್ತಾರಾ, ಸರ್ಟಿಫಿಕೇಟ್ ಬೇಗ ಸಿಗುತ್ತಾ ಅಂತ ಕೇಳುತ್ತಾರೆ.

ದುಡ್ಡಿನ ವಿಷಯ ಮೊದಲು ಮುಗಿಸುತ್ತೇನೆ. ನನಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ, ತಿಂಗಳ ಕೊನೆಗೆ ಕೈಗೆ ಸ್ವಲ್ಪ ಸಿಗುತ್ತಿತ್ತು. ಸಾಗರದಲ್ಲಿ ಸಂಸ್ಥೆಯ ಕಾರ್ಯಕರ್ತೆಯೊಬ್ಬರ ಜೊತೆ ರೂಮು ಹಂಚಿಕೊಂಡಿದ್ದೆ. ಸೇರುವ ಮೊದಲೇ ಈ ಬಗ್ಗೆ ಬಾಯಿಬಿಟ್ಟು ಕೇಳಿ. ಸೇವೆ ಮಾಡಲು ಹೋಗುತ್ತಿದ್ದೇವೆ, ದುಡ್ಡು ಕೇಳಬಾರದು ಅಂತ ಸುಮ್ಮನಿರಬೇಡಿ. ಒಳ್ಳೆಯ ಸಂಸ್ಥೆ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಲಸದ ವಿಷಯ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕು.

ಸಂಸ್ಥೆ ಇದ್ದಿದ್ದು ಒಂದು ಹಂಚಿನ ಮನೆಯಲ್ಲಿ. ಜಗಲಿಯಲ್ಲಿ ಮೀಟಿಂಗು, ಒಳಗೆ ಕಬ್ಬಿಣದ ಬೀರುಗಳ ತುಂಬ ಫೈಲು. ನಡೆಸುವವರನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಲೆಕ್ಕ ನೋಡುತ್ತಿದ್ದವರು ನಿವೃತ್ತ ಮೇಷ್ಟ್ರು. ಇವರ ಜೊತೆ ಊರೂರಿಗೆ ಹೋಗುವ ಕೆಲವು ಕಾರ್ಯಕರ್ತರು. ಮುಖ್ಯವಾಗಿ ಮೂರು ಕೆಲಸ ನಡೆಯುತ್ತಿತ್ತು: ಅರಣ್ಯ ಹಕ್ಕಿನ ಅರ್ಜಿಗಳು (ಕಾಡಿನ ಜಾಗದಲ್ಲಿ ಬದುಕುವವರು ಆ ಜಾಗಕ್ಕೆ ಹಕ್ಕುಪತ್ರ ಕೇಳಿ ಹಾಕುವುದು), ಮಹಿಳಾ ಸಂಘಗಳು, ಬೇಸಿಗೆ ಹತ್ತಿರವಾದಂತೆ ಮಂಗನ ಕಾಯಿಲೆಯ ಬಗ್ಗೆ ಮನೆಮನೆ ಭೇಟಿ.

ಮೊದಲ ವಾರವೇ ಅಕ್ಕ ನನಗೆ ಒಂದು ಮಾತು ಹೇಳಿದರು. "ಹಕ್ಕುಪತ್ರ ಬರ್ತದಾ ಅಂತ ಎಲ್ಲರೂ ಕೇಳ್ತಾರೆ. ಬರುತ್ತೆ ಅನ್ನಬೇಡ, ಬರಲ್ಲ ಅಂತಲೂ ಅನ್ನಬೇಡ. ಅರ್ಜಿ ಎಲ್ಲಿದೆ ಅಂತ ಹೇಳು. ಗೊತ್ತಿಲ್ಲದಿದ್ರೆ ತಿಳ್ಕೊಂಡು ಮತ್ತೆ ಹೋಗಿ ಹೇಳು." ನಾನು ಅಲ್ಲಿ ಮಾಡಿದ ಕೆಲಸವೆಲ್ಲ ಈ ಮಾತಿನೊಳಗೇ ಇತ್ತು ಅಂತ ಈಗ ಅನಿಸುತ್ತದೆ. ಊರುಗಳಿಗೆ ಬಂದು ಹೆಸರು ಬರೆದುಕೊಂಡು, ಫೋಟೋ ತೆಗೆದುಕೊಂಡು ಹೋದವರು ಬೇಕಾದಷ್ಟಿದ್ದಾರೆ. ಮತ್ತೆ ಬಂದವರು ಕಡಿಮೆ. ಇಂಟರ್ನ್ ಒಬ್ಬಳಿಂದ ಊರಿನವರಿಗೆ ಏನಾದರೂ ಉಪಯೋಗ ಆಗಬೇಕಾದರೆ ಅವಳು ಹೋದ ಮನೆಗೆ ಮತ್ತೆ ಹೋಗಬೇಕು.

ಮಲೆನಾಡಿನಲ್ಲಿ ಮತ್ತೆ ಹೋಗುವುದು ಸುಲಭ ಅಲ್ಲ. ಕ್ಲಾಸಿನಲ್ಲಿ ನಮಗೆ ಗ್ರಾಮ ನಕ್ಷೆ ಬರೆಯುವುದನ್ನು ಕಲಿಸಿದ್ದರು. ಊರಿನವರನ್ನು ಅರಳಿಕಟ್ಟೆಯ ಹತ್ತಿರ ಸೇರಿಸಿ, ರಂಗೋಲಿ ಪುಡಿ ಕೊಟ್ಟು, ಅವರ ಕೈಯಲ್ಲೇ ಬೀದಿ, ಬಾವಿ, ಶಾಲೆ ಬರೆಸುವುದು. ಬಯಲುಸೀಮೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ಊರು ಅಂದರೆ ಒಂದು ಬೀದಿ ಅಲ್ಲ. ತೋಟದ ಮೂಲೆಗೆ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು, ನಡುವೆ ಹಳ್ಳ, ಹಳ್ಳ ದಾಟಲು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಎರಡು ಮನೆ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಮಳೆ ಇನ್ನೂ ಬಿಟ್ಟಿರದ ದಿನಗಳಲ್ಲಿ ರಕ್ತ ಹೀರುವ ಉಂಬಳ (ಜಿಗಣೆ) ಬೇರೆ. ಸುಣ್ಣ, ನಶ್ಯದ ಪುಡಿ ಚೀಲದಲ್ಲಿ ಇರಲೇಬೇಕು.

ಬಸ್ಸಿನ ಲೆಕ್ಕವೂ ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಆಯಿತು. ಆದರೆ ಇಲ್ಲಿನ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರ, ಹಾಗಾಗಿ ಟಿಕೆಟ್ ತೆಗೆದುಕೊಳ್ಳಲೇಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಇರುವ ಊರಿಗೆ ಹೋದರೆ ಇಡೀ ದಿನ ಅಲ್ಲಿಯೇ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಗೆ ಹೋಗಬೇಕಾದಾಗ ನಾನು ಹೋದ ವರ್ಷ ಇನ್ನೂ ಲಾಂಚೇ ಗತಿ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಆಚೆ ದಡದಲ್ಲೇ ಉಳಿಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ತೆರೆದ ಮೇಲೆ ಆ ತೊಂದರೆ ತಪ್ಪಿದೆ. ನಮ್ಮಂಥವರಿಗಿಂತ ಅಲ್ಲಿನ ಬಾಣಂತಿಯರಿಗೆ, ರೋಗಿಗಳಿಗೆ ಅದು ಎಷ್ಟು ದೊಡ್ಡ ಸಂಗತಿ ಅಂತ ಲಾಂಚಿಗೆ ಕಾದು ನಿಂತವರಿಗೆ ಗೊತ್ತು.

ಮನೆಗೆ ಹೋದ ಕೂಡಲೇ ಕಾಗದ ತೆಗೆಯುವ ಹಾಗಿಲ್ಲ. ಮೊದಲು ನೀರು ಬೆಲ್ಲ ಬರುತ್ತದೆ. ಆಮೇಲೆ "ಆಸ್ರಿಗೆ ಎಂತ ಮಾಡ್ಲಿ?", ಅಂದರೆ ಕುಡಿಯಲು ಏನು ಮಾಡಲಿ ಅಂತ ಕೇಳುತ್ತಾರೆ. ಯಾವ ಊರು, ಯಾರ ಮನೆ, ಅಪ್ಪ ಎಂತ ಮಾಡ್ತಾರೆ ಅಂತ ವಿಚಾರಣೆ ಆಗಬೇಕು. ಈ ವರ್ಷ ಕೊಳೆ ರೋಗದಲ್ಲಿ ಎಷ್ಟು ಅಡಿಕೆ ಕಾಯಿ ಉದುರಿತು ಅಂತ ನಾವು ಕೇಳಬೇಕು. ಇದನ್ನು ಹೊತ್ತು ಹಾಳು ಅಂದುಕೊಳ್ಳುವ ಇಂಟರ್ನ್‌ಗಳನ್ನು ನೋಡಿದ್ದೇನೆ. ನನಗೆ ಹಾಗೆ ಅನಿಸಲಿಲ್ಲ. ತಮ್ಮ ಮನೆಯ ಅರವತ್ತು ವರ್ಷದ ಕಾಗದವನ್ನು ಹೊರಗಿನವಳ ಕೈಗೆ ಕೊಡುವ ಮೊದಲು ಅವರು ನನ್ನನ್ನು ನೋಡಿ ಅಳೆಯುವುದು ನ್ಯಾಯವೇ.

ಇನ್ನು ಆ ಕಾಗದಗಳ ವಿಷಯ.

ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಾಗದಲ್ಲಿ ವಾಸ ಮಾಡಿಕೊಂಡು, ಸಾಗುವಳಿ ಮಾಡಿಕೊಂಡು ಬಂದವರಿಗೆ ಗರಿಷ್ಠ 4 ಹೆಕ್ಟೇರ್ ತನಕ ಹಕ್ಕು ಕೊಡಬಹುದು. ಪರಿಶಿಷ್ಟ ಪಂಗಡದವರಲ್ಲದವರು ತಾವು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ವಾಸವಿದ್ದು ಅದನ್ನೇ ನೆಚ್ಚಿಕೊಂಡು ಬದುಕಿದ್ದಕ್ಕೆ ಆಧಾರ ಕೊಡಬೇಕು. ಸಾಗರ, ಹೊಸನಗರದ ಎಷ್ಟೋ ಮನೆಗಳು ಎಡವುವುದು ಈ 75 ವರ್ಷದ ಹತ್ತಿರ. ದೀವರು, ಹವ್ಯಕರು, ಒಕ್ಕಲಿಗರು ಅಂತ ಯಾರೇ ಇರಲಿ, ಇಲ್ಲಿ ಒಂದು ದೊಡ್ಡ ಗುಂಪು ಮುಳುಗಡೆಯವರದ್ದು. ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿನ ಕಾಲದಲ್ಲಿ ಕೆಲವರು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಇನ್ನೂ ತುಂಬ ಜನ ಮನೆ ಬಿಟ್ಟು ಬಂದರು. ಅವರನ್ನು ತಂದು ಬಿಟ್ಟಿದ್ದು ಕಾಡಿನ ಜಾಗಗಳಲ್ಲಿ. ನಾಡಿಗೆ ಕರೆಂಟು ಸಿಕ್ಕಿತು. ಅವರ ಹೊಸ ಜಾಗ ಮಾತ್ರ ಕಾಗದದ ಮೇಲೆ ಕಾಡಾಗಿಯೇ ಉಳಿಯಿತು. ಅಂಥ ಮನೆಯವರಿಗೆ "ಈ ಜಾಗದಲ್ಲಿ 75 ವರ್ಷ ಇದ್ದಿದ್ದಕ್ಕೆ ದಾಖಲೆ ಕೊಡಿ" ಅಂದರೆ ಎಲ್ಲಿಂದ ತರುತ್ತಾರೆ? ಇದನ್ನು ಹೇಳುವಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಅಕ್ಕ ನನ್ನನ್ನು ಮೊದಲು ಕೂರಿಸಿ ಕಾಯ್ದೆಯ ಆ ಸಾಲನ್ನೇ ಓದಿಸಿದರು. ಹಿಡಿದುಕೊಂಡ ಅದೇ ತುಂಡು ನೆಲದಲ್ಲಿ 75 ವರ್ಷ ಸಾಗುವಳಿ ಮಾಡಿರಬೇಕು ಅಂತ ಅದರಲ್ಲಿಲ್ಲ. 75 ವರ್ಷದ ಮಾತು ಕಾಡಿನಲ್ಲಿ ವಾಸ ಇದ್ದಿದ್ದಕ್ಕೆ, ಕಾಡನ್ನು ನೆಚ್ಚಿದ್ದಕ್ಕೆ ಸಂಬಂಧಿಸಿದ್ದು. ಜಾಗದ ಸ್ವಾಧೀನಕ್ಕೆ 2005ರ ಡಿಸೆಂಬರ್ 13ರ ದಿನ ಮುಖ್ಯ. ಎರಡನ್ನೂ ಕಲಸಿ ಓದಿದರೆ ಅರ್ಜಿ ಬೀಳುತ್ತದೆ. ತಿರಸ್ಕಾರ ಆದ ಅರ್ಜಿಗಳ ಹಿಂಬರಹದಲ್ಲಿ ನಾನು ಕಂಡಿದ್ದು ಹೆಚ್ಚಾಗಿ ಒಂದೇ ಸಾಲು: 75 ವರ್ಷದ ದಾಖಲೆ ಇಲ್ಲ. ಅಷ್ಟೇ. ಯಾವ ದಾಖಲೆ ನೋಡಿದರು, ಯಾವುದನ್ನು ಒಪ್ಪಲಿಲ್ಲ, ಯಾಕೆ ಅಂತ ಇರುವುದಿಲ್ಲ.

ನಿಯಮದಲ್ಲಿ ಏನಿದೆ ಅಂದರೆ, ತಿರಸ್ಕಾರ ಮಾಡಿದರೆ ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ತಿಳಿದ 60 ದಿನದೊಳಗೆ ಅವರು ಮೇಲಿನ ಸಮಿತಿಗೆ ಮನವಿ ಹಾಕಬಹುದು. ಸರಿಯಾದ ಕಾರಣ ಇದ್ದರೆ ಇನ್ನೂ 30 ದಿನ ಸಿಗುತ್ತದೆ. ಗ್ರಾಮಸಭೆಯ ಮೇಲೆ ಉಪವಿಭಾಗ ಮಟ್ಟದ ಸಮಿತಿ, ಅದಕ್ಕೆ ಎಸಿ (ಉಪವಿಭಾಗಾಧಿಕಾರಿ) ಅಧ್ಯಕ್ಷರು. ಅದರ ಮೇಲೆ ಜಿಲ್ಲಾ ಸಮಿತಿ, ಅದಕ್ಕೆ ಡಿಸಿ. ಹೀಗೆ ಮೂರು ಮೆಟ್ಟಿಲು. ನಾನು ಕೇಳಿದ ಮನೆಗಳಲ್ಲಿ ತಮ್ಮ ಅರ್ಜಿ ಯಾವ ಮೆಟ್ಟಿಲಲ್ಲಿ ಬಿತ್ತು ಅಂತ ಗೊತ್ತಿದ್ದವರು ತೀರಾ ಕಡಿಮೆ. "ಕೊಟ್ಟಿದ್ವಿ, ಆಮೇಲೆ ಎಂತದೂ ಗೊತ್ತಾಗ್ಲಿಲ್ಲ" ಅನ್ನುವುದೇ ಹೆಚ್ಚು.

ಹಾಗಾಗಿ ನನ್ನ ಮೊದಲ ಕೆಲಸ ಅರ್ಜಿಗಳನ್ನು ಹುಡುಕುವುದು. ಪಂಚಾಯಿತಿಯಲ್ಲಿ ಅರಣ್ಯ ಹಕ್ಕು ಸಮಿತಿಯ ಪುಸ್ತಕ ನೋಡುವುದು, ಅರ್ಜಿ ನಂಬರ್ ಬರೆದುಕೊಳ್ಳುವುದು, ಆ ನಂಬರ್ ಹಿಡಿದು ಮುಂದಿನ ಕಚೇರಿಗೆ ಹೋಗುವುದು. ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳುವುದು. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಮಾಹಿತಿ ಹಕ್ಕಿನ ಅರ್ಜಿಯನ್ನು ನನ್ನ ಹೆಸರಿನಲ್ಲಿ ಹಾಕಲು ಅಕ್ಕ ಬಿಡುತ್ತಿರಲಿಲ್ಲ. ಮನೆಯವರ ಹೆಸರಿನಲ್ಲೇ ಹಾಕಬೇಕು, ಅವರೇ ಸಹಿ ಮಾಡಬೇಕು. ಉತ್ತರದ ಲಕೋಟೆ ಅವರ ಮನೆಗೇ ಬರಬೇಕು. ನಾಳೆ ಸಂಸ್ಥೆ ಇಲ್ಲದಿದ್ದರೂ ಅವರು ಇನ್ನೊಂದು ಅರ್ಜಿ ಹಾಕುವ ಹಾಗಿರಬೇಕು ಅನ್ನುವುದು ಅಕ್ಕನ ಲೆಕ್ಕ.

ಆಮೇಲೆ ದಾಖಲೆ. ಅಟ್ಟದ ಮೇಲಿನ ಟ್ರಂಕು ಇಳಿಸುತ್ತಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಪಡಿತರ ಚೀಟಿ, ಕಂದಾಯದ ರಸೀದಿ, ಅನುಮತಿ ಇಲ್ಲದ ಸಾಗುವಳಿಗೆ ಹಾಕುವ ಟಿ.ಟಿ. ದಂಡ ಕಟ್ಟಿದ ಚೀಟಿ, ಮಕ್ಕಳ ಶಾಲೆಯ ಕಾಗದ, ಮದುವೆ ಕರೆಯೋಲೆ, ಎಲ್ಲ ಒಟ್ಟಿಗೆ. ಕೆಲವರು ಒಂದು ಕಾಗದವನ್ನು ಮಾತ್ರ ಪಕ್ಕಕ್ಕೆ ಮುಚ್ಚಿಡುತ್ತಿದ್ದರು. ಒತ್ತುವರಿ ಮಾಡಿದ್ದೀರಿ ಅಂತ ಯಾವಾಗಲೋ ಹಾಕಿದ ಕೇಸಿನ ನೋಟಿಸು ಅದು. ತಪ್ಪು ಮಾಡಿದವರ ಹಾಗೆ ಹೆದರಿ ಅದನ್ನು ಯಾರಿಗೂ ತೋರಿಸಿರುವುದಿಲ್ಲ. ಆದರೆ 2005ಕ್ಕೆ ಮೊದಲಿನ ಅಂಥ ನೋಟಿಸು ಅಂದರೆ, ಆ ದಿನ ಆ ಜಾಗದಲ್ಲಿ ಆ ಮನುಷ್ಯ ಇದ್ದ ಅಂತ ಸರ್ಕಾರವೇ ಬರೆದುಕೊಟ್ಟ ಹಾಗೆ. ಇದನ್ನು ಬಿಡಿಸಿ ಹೇಳಿದಾಗ ಒಬ್ಬರು ಅಮ್ಮ ನೋಟಿಸನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಸುಟ್ಟೇ ಹಾಕ್ತಿದ್ದೆ ಮಾರಾಯ್ತಿ" ಅಂದರು.

ಕಾಗದ ಮಾತ್ರ ದಾಖಲೆ ಅಲ್ಲ. ಮನೆ, ಗದ್ದೆಯ ಏರಿ, ಹಳೆಯ ಬಾವಿ, ಸುಡುಗಾಡು, ದೇವರ ಬನ, ಇವನ್ನೂ ನಿಯಮ ಒಪ್ಪುತ್ತದೆ. ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿದ್ದನ್ನು ಬರವಣಿಗೆಗೆ ಇಳಿಸಿದರೆ ಅದೂ ಆಧಾರ ಆಗುತ್ತದೆ. ಒಂದೇ ಆಧಾರ ಸಾಲದು, ಒಂದಕ್ಕಿಂತ ಹೆಚ್ಚು ಇರಬೇಕು. ಹಿರಿಯರ ಹೇಳಿಕೆ ಬರೆಯುವ ಕೆಲಸ ನನಗೆ ಬಂತು. ಇಡೀ ಇಂಟರ್ನ್‌ಶಿಪ್ಪಿನಲ್ಲಿ ನಾನು ಮನಸ್ಸಿಟ್ಟು ಕಲಿತ ಕೆಲಸ ಅದೇ.

ತೊಂಬತ್ತರ ಹತ್ತಿರದ ಅಜ್ಜನಿಗೆ "ನೀವು ಯಾವ ಇಸವಿಯಲ್ಲಿ ಇಲ್ಲಿಗೆ ಬಂದಿರಿ?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಇಸವಿ ಅವರ ಲೆಕ್ಕದಲ್ಲೇ ಇಲ್ಲ. ಬೇರೆ ಥರ ಕೇಳಬೇಕು. ಕಾಗೋಡಿನ ಗೇಣಿದಾರರ ಗಲಾಟೆ ಆದಾಗ ನಿಮಗೆ ಎಷ್ಟು ತಿಳುವಳಿಕೆ ಇತ್ತು? ಅದು 1951. ಜೋಗದಲ್ಲಿ ಮೊದಲು ಕರೆಂಟು ಶುರು ಆದಾಗ? 1948. ಲಿಂಗನಮಕ್ಕಿ ನೀರು ಏರಿ ಹಳೆಯ ಮನೆ ಬಿಟ್ಟಾಗ ಮದುವೆ ಆಗಿತ್ತಾ? ದೊಡ್ಡ ಮಗ ಹುಟ್ಟಿದ್ದನಾ? ಹೀಗೆ ಒಂದೊಂದೇ ಗುರುತಿಗೆ ಕಟ್ಟುತ್ತಾ ಹೋದರೆ ಅಜ್ಜನ ನೆನಪು ಇಸವಿಯ ಸಾಲಿನಲ್ಲಿ ತಾನೇ ಕೂರುತ್ತದೆ. ಒಬ್ಬ ಅಜ್ಜ ತಮ್ಮ ಅಪ್ಪ ನೆಟ್ಟ ಹಲಸಿನ ಮರ ತೋರಿಸಿ, ಅದರ ಬುಡದಲ್ಲಿದ್ದ ಭೂತನ ಕಲ್ಲು ತೋರಿಸಿ, ಯಾರ ಯಾರ ಕಾಲದಲ್ಲಿ ಅದಕ್ಕೆ ಹರಕೆ ಸಂದಿತು ಅಂತ ಮೂರು ತಲೆಮಾರಿನ ಹೆಸರು ಹೇಳಿದರು. ಅದಕ್ಕಿಂತ ಗಟ್ಟಿ ದಾಖಲೆ ಯಾವ ಕಚೇರಿಯಲ್ಲಿದೆ?

ಬರೆಯುವಾಗ ಅವರ ಮಾತನ್ನು ಆದಷ್ಟು ಹಾಗೆಯೇ ಇಡಬೇಕು. ಕಾನೂನಿನ ಕನ್ನಡಕ್ಕೆ ತಿರುಗಿಸಿ "ಸದರಿ ಸ್ವತ್ತಿನಲ್ಲಿ ಅನುಭವದಲ್ಲಿದ್ದು" ಅಂತ ಬರೆದರೆ ಓದಿ ಹೇಳಿದಾಗ ಅಜ್ಜನಿಗೆ ಅದು ತನ್ನ ಮಾತು ಅನಿಸುವುದಿಲ್ಲ. ಬರೆದ ಮೇಲೆ ಇನ್ನೊಂದು ದಿನ ಹೋಗಿ ಪೂರ್ತಿ ಓದಿ ಹೇಳುತ್ತಿದ್ದೆ. ಮನೆಯವರೆಲ್ಲ ಕೂತು ಕೇಳುತ್ತಿದ್ದರು. ಆಗಲೇ ನಿಜವಾದ ತಿದ್ದುಪಡಿ ಬರುತ್ತಿದ್ದುದು. "ಅಲ್ಲ, ಆ ಗದ್ದೆ ಮಾಡಿದ್ದು ಚಿಕ್ಕಪ್ಪ, ಅಪ್ಪಯ್ಯ ಅಲ್ಲ" ಅಂತ ಸೊಸೆಯೊಬ್ಬಳು ಹೇಳಿದರೆ ಅಜ್ಜ ಯೋಚನೆ ಮಾಡಿ ಹೌದು ಅನ್ನುತ್ತಿದ್ದರು. ಸಹಿ, ಹೆಬ್ಬೆಟ್ಟು ಹಾಕಿಸುವುದು ಅದಾದ ಮೇಲೆ.

ಇದೆಲ್ಲ ಗ್ರಾಮಸಭೆಯ ಮುಂದೆ ಬರಬೇಕು. 2012ರ ತಿದ್ದುಪಡಿಯ ಪ್ರಕಾರ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ನವೆಂಬರ್ ಹಿಡಿದು ಜನವರಿ ತನಕ ಮಲೆನಾಡಿನಲ್ಲಿ ಹಗಲು ಹೊತ್ತಿನಲ್ಲಿ ಅರ್ಧ ಊರನ್ನು ಸೇರಿಸಿ ನೋಡಿ! ಅಡಿಕೆ ಗೊನೆ ಕೊಯ್ಯುವವರು ಮರದ ಮೇಲೆ, ಹೊರುವವರು ತೋಟದಲ್ಲಿ, ಬೇಯಿಸುವವರು ಹಂಡೆಯ ಮುಂದೆ. ರಾತ್ರಿ ಊಟ ಆದ ಮೇಲೆ ಹೆಂಗಸರು ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಹಿಡಿದು ಅಡಿಕೆ ಸುಲಿಯಲು ಕೂರುತ್ತಾರೆ. ತೂಕದ ಮೇಲೆ ಕೂಲಿ. ಆ ದುಡ್ಡು ಅವರ ಕೈಗೇ ಬರುವ ದುಡ್ಡು, ಹಾಗಾಗಿ ಮೀಟಿಂಗಿಗೆ ಬನ್ನಿ ಅಂತ ಕರೆದರೆ ಅವರ ಕೂಲಿ ಬಿಡಿ ಅಂದ ಹಾಗೆ. ಸಂಸ್ಥೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಹಿಳಾ ಸಂಘದ ಮೀಟಿಂಗನ್ನೇ ಸುಲಿಯುವ ಜಾಗಕ್ಕೆ ತಂದಿದ್ದರು.

ಆ ರಾತ್ರಿಗಳಲ್ಲಿ ನಾನೂ ಒಂದು ಮೆಟ್ಟುಗತ್ತಿ ಎದುರು ಕೂರುತ್ತಿದ್ದೆ. ಬೆರಳೆಲ್ಲ ಕಪ್ಪಾಗುತ್ತಿತ್ತು. ಎದುರುಬದುರು ಕುರ್ಚಿಯಲ್ಲಿ ಕೂತು ಕೇಳಿದಾಗ ಬರದ ಮಾತು ಅಲ್ಲಿ ಬರುತ್ತಿತ್ತು. ಅರಣ್ಯ ಹಕ್ಕಿನ ಪತ್ರ ಬಂದರೆ ಅದು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಬರುತ್ತದೆ, ಮಾರಲು ಆಗುವುದಿಲ್ಲ, ಮಕ್ಕಳಿಗೆ ಹೋಗುತ್ತದೆ ಅಂತ ಹೇಳಿದ್ದು ಅಂಥ ಒಂದು ರಾತ್ರಿ. ಸುಲಿಯುವ ಸದ್ದು ಒಂದು ಕ್ಷಣ ನಿಂತಿತು. "ನಮ್ಮ ಹೆಸರೂ?" ಅಂತ ಒಬ್ಬರು ಕೇಳಿದರು. ಎಷ್ಟೋ ವರ್ಷದಿಂದ ಆ ಜಾಗದಲ್ಲಿ ದುಡಿದವರು ಅವರು. ಗಂಡನ ಅರ್ಜಿ ಅಂತಲೇ ತಿಳಿದಿದ್ದ ಕಾಗದ ತಮ್ಮದೂ ಹೌದು ಅಂತ ಗೊತ್ತಾದ ಮೇಲೆ ಗ್ರಾಮಸಭೆಗೆ ಬರುವ ಹೆಂಗಸರ ಸಂಖ್ಯೆಯ ಚಿಂತೆ ನಮಗೆ ಕಡಿಮೆ ಆಯಿತು. ಸಭೆಯ ದಿನ ಯಾವುದು ಅಂತ ಅವರೇ ಗೊತ್ತು ಮಾಡಿದರು. ಕೊಯ್ಲಿನ ಗುಂಪು ಇನ್ನೊಂದು ಊರಿಗೆ ಹೋಗುವ ನಡುವಿನ ಬಿಡುವಿನಲ್ಲಿ.

ಸಂಘ ಅನ್ನುವುದು ಈ ಕಡೆಯವರಿಗೆ ಹೊಸದೂ ಅಲ್ಲ ಅಲ್ವಾ. ಅಡಿಕೆ ಬೆಳೆಗಾರರ ಮ್ಯಾಮ್‌ಕೋಸ್ ಶುರುವಾಗಿದ್ದು 1939ರಲ್ಲಿ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1949ರಲ್ಲಿ. ಅದೇ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಕೈಮಗ್ಗದ ಚರಕ ಸಂಸ್ಥೆಯಲ್ಲಿ 1996ರಿಂದ ಹೆಂಗಸರೇ ನೂಲಿಗೆ ಬಣ್ಣ ಹಾಕಿ, ನೇಯ್ದು, ಹೊಲಿದು ಕೊಡುತ್ತಾರೆ. ಇಂಥವನ್ನು ಕಣ್ಣೆದುರು ನೋಡಿದ ಜನ ಹೊರಗಿನಿಂದ ಬಂದ ಸಂಸ್ಥೆಗೆ ನೇರ ಪ್ರಶ್ನೆ ಕೇಳುತ್ತಾರೆ. ದುಡ್ಡು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ನಿಮಗೆ ಸಂಬಳ ಯಾರು ಕೊಡ್ತಾರೆ? ಉತ್ತರ ಗೊತ್ತಿರಬೇಕು.

ನನಗೆ ಅದನ್ನು ಕಲಿಸಿದವರು ಮೇಷ್ಟ್ರು. ವಾರಕ್ಕೊಮ್ಮೆ ನನ್ನನ್ನು ಲೆಕ್ಕದ ಮೇಜಿಗೆ ಕೂರಿಸುತ್ತಿದ್ದರು. ಪ್ರತಿ ಖರ್ಚಿಗೂ ವೋಚರು, ವೋಚರಿಗೆ ಬಿಲ್ಲು, ಬಿಲ್ಲಿಲ್ಲದ ಜೀಪಿನ ಬಾಡಿಗೆಗೆ ಡ್ರೈವರಿನ ಸಹಿ. ಯಾವ ಯೋಜನೆಯ ದುಡ್ಡು ಯಾವ ಕೆಲಸಕ್ಕೆ ಅಂತ ಬೇರೆ ಬೇರೆ ಪುಸ್ತಕ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ದುಡ್ಡು ಹೆಚ್ಚಾಗಿ ಕಂಪನಿಗಳು ಇರುವ ಊರುಗಳ ಸುತ್ತಮುತ್ತ ಉಳಿಯುತ್ತದೆ, ಸಾಗರದ ಗುಡ್ಡ ಹತ್ತುವುದು ಕಡಿಮೆ. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಅಲ್ಲಿಂದೀಚೆಗೆ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗಿಲ್ಲ. ಆಡಳಿತದ ಖರ್ಚಿನ ಮಿತಿ ನೂರಕ್ಕೆ 50 ಇದ್ದಿದ್ದು 20ಕ್ಕೆ ಇಳಿಯಿತು. ಮೊದಲು ದೊಡ್ಡ ಸಂಸ್ಥೆಗಳ ಮೂಲಕ ತಾಲ್ಲೂಕು ಮಟ್ಟದ ಸಣ್ಣವರಿಗೆ ಹರಿಯುತ್ತಿದ್ದ ದುಡ್ಡಿನ ದಾರಿ ಹೀಗೆ ಮುಚ್ಚಿತು.

ಇದರ ಪರಿಣಾಮ ನಾನು ಕಣ್ಣಾರೆ ಕಂಡಿದ್ದು ಭೇಟಿಗಳ ವಿಷಯದಲ್ಲಿ. ಬ್ಯಾನರ್ ಕಟ್ಟಿ ಒಂದು ತರಬೇತಿ ಮಾಡಿದರೆ ಅದಕ್ಕೆ ದುಡ್ಡು ಕೊಡುವವರು ಇದ್ದಾರೆ. ಎಷ್ಟು ಜನ ಬಂದರು ಅಂತ ವರದಿಯಲ್ಲಿ ಒಂದು ಸಂಖ್ಯೆ ಬರುತ್ತದೆ, ಫೋಟೋ ಬರುತ್ತದೆ. ಅದೇ ಒಂದು ಮನೆಗೆ ಮೂರನೇ ಸಲ ಹೋಗಿ ಬಂದ ಜೀಪಿನ ಬಾಡಿಗೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ವರದಿ ಬರೆಯುವ ಕೆಲಸವೂ ಸ್ವಲ್ಪ ನನ್ನ ಪಾಲಿಗೆ ಬಂದಿತ್ತು. ಫಲಾನುಭವಿಗಳ ಸಂಖ್ಯೆ ಕೇಳುವ ಆ ಫಾರಂನಲ್ಲಿ, ಮೂರು ಸಲ ಹೋದರೂ ಒಂದು ಮನೆ ಒಂದೇ. ನನ್ನ ಅಭಿಪ್ರಾಯ ಹೇಳಲೇಬೇಕು: ಮತ್ತೆ ಮತ್ತೆ ಹೋಗುವ ಕೆಲಸ ಸಂಬಳ ಇಲ್ಲದ ಇಂಟರ್ನ್‌ಗಳ ಮೇಲೆ ನಿಲ್ಲಬಾರದು. ಊರಿನದೇ ಒಬ್ಬ ಹುಡುಗಿಗೆ ಸರಿಯಾದ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ ಅದು. ದುಡ್ಡು ಕೊಡುವವರು ಇದನ್ನು ಕೇಳಿಸಿಕೊಳ್ಳಬೇಕು.

ಡಿಸೆಂಬರ್ ಬಂದ ಮೇಲೆ ಅರ್ಧ ದಿನ ಮಂಗನ ಕಾಯಿಲೆಯ ಕೆಲಸ. 1957ರಲ್ಲಿ ಇದು ಮೊದಲು ಕಂಡಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ರೋಗದ ಹೆಸರೂ ಅದೇ. ಉಣುಗು ಕಚ್ಚಿ ಬರುವ ಜ್ವರ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಆದ ಸಾವುಗಳನ್ನು ಅಲ್ಲಿನವರು ಮರೆತಿಲ್ಲ. ಹಳೆಯ ಲಸಿಕೆ ಈಗ ಕೊಡುತ್ತಿಲ್ಲ, ಹಾಗಾಗಿ ಎಚ್ಚರಿಕೆಯೇ ಮದ್ದು.

ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ಕೊಡುವುದು, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ ಅನ್ನುವುದು, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆದುಹಾಕಿ ಅನ್ನುವುದು, ಮಂಗ ಸತ್ತಿದ್ದು ಕಂಡರೆ ಮುಟ್ಟಬೇಡಿ, ಕೂಡಲೇ ಪಿಎಚ್‌ಸಿಗೆ ಹೇಳಿ ಅನ್ನುವುದು. "ಕಾಡಿಗೆ ಹೋಗಬೇಡಿ" ಅಂತ ಕರಪತ್ರದಲ್ಲಿ ಬರೆದಿತ್ತು. ಒಬ್ಬರು ಹೆಂಗಸು ಓದಿಸಿಕೊಂಡು ಕೇಳಿದರು: "ದರಗು ತರದೆ ಕೊಟ್ಟಿಗೆಗೆ ಎಂತ ಹಾಸೋದು? ಗೊಬ್ಬರಕ್ಕೆ ಎಂತ ಮಾಡೋದು?" ಸರಿಯಾದ ಪ್ರಶ್ನೆ. ಉಣುಗು ಮರಿಗಳು ಹೆಚ್ಚು ಇರುವುದೇ ದರಗಿನ, ಅಂದರೆ ಉದುರಿ ಒಣಗಿದ ಎಲೆಯ ನಡುವೆ. ದರಗು ಗುಡಿಸುವುದೂ ಅದೇ ತಿಂಗಳುಗಳಲ್ಲಿ, ಗುಡಿಸುವವರೂ ಹೆಂಗಸರೇ. ಮುಂದಿನ ಮೀಟಿಂಗಿನಲ್ಲಿ ಅದನ್ನೇ ಮಾತಾಡಿದೆವು. ಮಂಗ ಸತ್ತ ಜಾಗದ ಕಡೆ ಈ ವರ್ಷ ಯಾರೂ ಹೋಗುವುದು ಬೇಡ, ಗುಂಪಾಗಿ ಹೋಗೋಣ, ಎಣ್ಣೆಯ ಬಾಟಲಿ ಒಬ್ಬರ ಸೊಂಟದಲ್ಲಿ ಇರಲಿ, ಗುಡಿಸಿದ ರಾಶಿಯ ಮೇಲೆ ಕೂತು ಸುಧಾರಿಸಿಕೊಳ್ಳುವುದು ಬೇಡ ಅಂತ ಅವರವರೇ ಮಾತಾಡಿ ಒಪ್ಪಿಕೊಂಡರು. ಕರಪತ್ರಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು ಅಂತ ನನ್ನ ನಂಬಿಕೆ.

ಜ್ವರದ ಮನೆಗಳಿಗೂ ಮತ್ತೆ ಹೋಗುವುದೇ ಕೆಲಸ. ಈ ಜ್ವರ ಒಮ್ಮೆ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ತಿರುಗಿ ಬರುತ್ತದೆ. ಮೊದಲ ಸಲ ಇಳಿದ ಕೂಡಲೇ ಹುಷಾರಾಯಿತು ಅಂತ ತೋಟಕ್ಕೆ ಹೊರಟವರನ್ನು ಕೂರಿಸಲು ಯಾರಾದರೂ ಬೇಕು.

ಹೊರಡುವ ಮೊದಲ ಎರಡು ವಾರ ಹೊಸ ಮನೆಗೆ ಹೋಗಲೇಬೇಡ ಅಂದರು ಅಕ್ಕ. ಹೋದ ಮನೆಗಳಿಗೆಲ್ಲ ಇನ್ನೊಮ್ಮೆ ಹೋಗಿ, ಅರ್ಜಿ ಈಗ ಎಲ್ಲಿದೆ, ಮುಂದಿನ ಹೆಜ್ಜೆ ಯಾವುದು, ನಾನು ಹೋದ ಮೇಲೆ ಯಾರನ್ನು ಕೇಳಬೇಕು ಅಂತ ಹೇಳಿ ಬಂದೆ. ಕೆಲವರ ಮನವಿ ಉಪವಿಭಾಗ ಸಮಿತಿಯಿಂದ ಮರುಪರಿಶೀಲನೆಗೆ ಗ್ರಾಮಸಭೆಗೆ ವಾಪಸ್ ಬಂದಿತ್ತು. ಕೆಲವರದ್ದು ಇನ್ನೂ ಮೇಜಿನ ಮೇಲೆ. ನಾನಿದ್ದಾಗ ಯಾರಿಗೂ ಹಕ್ಕುಪತ್ರ ಬರಲಿಲ್ಲ. ಅದನ್ನು ಹಾಗೆಯೇ ಹೇಳಿದೆ. ಬೇಜಾರು ಮಾಡಿಕೊಂಡವರಿದ್ದರು. "ಇಷ್ಟಾದ್ರೂ ಗೊತ್ತಾಯ್ತಲ್ಲ" ಅಂದವರೂ ಇದ್ದರು.

ಸಂಸ್ಥೆಗೆ ಒಂದು ನೋಟ್‌ಬುಕ್ ಬರೆದುಕೊಟ್ಟೆ. ಒಂದು ಮನೆಗೆ ಒಂದು ಪುಟ: ಅರ್ಜಿ ನಂಬರ್, ಇರುವ ಆಧಾರಗಳು, ಯಾವ ಕಚೇರಿ, ಮುಂದಿನ ದಿನಾಂಕ, ಯಾವ ಹೊತ್ತಿಗೆ ಹೋದರೆ ಜನ ಸಿಗುತ್ತಾರೆ, ಫೋನ್ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ. ಸೇರುವವರಿಗೆ ನಾನು ಹೇಳುವುದು ಇಷ್ಟು. ದಸರಾ ಆದ ಕೂಡಲೇ ಸೇರಿ, ಕೊಯ್ಲು ಶುರುವಾಗುವ ಮೊದಲು ಮನೆಗಳ ಪರಿಚಯ ಆಗಿರಲಿ. ಒಂದು ತಿಂಗಳಿಗೆ ಅಂತ ಬರಬೇಡಿ, ಅಷ್ಟರಲ್ಲಿ ಮಾಹಿತಿ ಹಕ್ಕಿನ ಒಂದು ಉತ್ತರವೂ ಕೈಗೆ ಬಂದಿರುವುದಿಲ್ಲ. ಕೈಬರಹ ಬೇರೆಯವರು ಓದುವ ಹಾಗಿರಬೇಕು. ನಡೆಯಲು ಬರಬೇಕು. ವಾಪಸ್ ಬಂದ ಅರ್ಜಿಗಳ ಗ್ರಾಮಸಭೆ ನಾಟಿ ಮುಗಿದ ಮೇಲೆ ಇಟ್ಟುಕೊಂಡಿದ್ದಾರೆ. ಆ ಹೊತ್ತಿಗೆ ಹಿರಿಯರ ಹೇಳಿಕೆ ಬರೆಯಲು ಒಬ್ಬರು ಬೇಕು ಅಂತ ಅಕ್ಕ ಹೇಳಿದ್ದಾರೆ. ಹೋಗುವವರಿದ್ದರೆ ನನಗೆ ತಿಳಿಸಿ, ಆ ನೋಟ್‌ಬುಕ್ ಹೇಗೆ ಓದಬೇಕು ಅಂತ ಹೇಳಿಕೊಡುತ್ತೇನೆ.